ಬಸ್ತಾ ತೆಗೆಯುವ ಮುನ್ನ

ಮಗಳು: ಕಾಕಾ, ನಾಳೆ ಬೆಳಿಗ್ಗೆ ಎಲ್ಲರೂ ಹುಮನಾಬಾದಿಗೆ ನನ್ನ ಮದುವೆಯ ಜವಳಿ ಕೊಳ್ಳುವ ಬಸ್ತಾ ತೆಗೆಯಲು ಹೊರಡುವರೆಂದೂ, ಬೀಗರು ಭಾಲ್ಕಿಯಿಂದ ನೇರವಾಗಿ ಅಂಗಡಿಗೇ ಬಂದು ಸೇರುವರೆಂದೂ ಅವ್ವ ಈಗತಾನೆ ಹೇಳಿದಳು. ಹೋಗತಕ್ಕವರ ಹೆಸರುಗಳನ್ನು ಅಪ್ಪ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ದೊಡ್ಡವ್ವ, ಸೋದರತ್ತೆಯರು, ಅಕ್ಕ, ಮಾಮಾ, ಓಣಿಯ ಹಿರಿಯರು, ಹೀಗೆ ಒಂದು ಜೀಪು ತುಂಬುವಷ್ಟು ಮಂದಿ ಅದರಲ್ಲಿದ್ದರೂ ನನ್ನ ಹೆಸರು ಮಾತ್ರ ಇಲ್ಲ. ಉಡತಕ್ಕವಳನ್ನು ಮನೆಯಲ್ಲಿ ಕೂರಿಸಿ, ಉಡುಗೆಯನ್ನು ಆರಿಸಲು ಉಳಿದವರೆಲ್ಲ ಹೋಗುವುದು ಯಾವ ನ್ಯಾಯ? ಅಪ್ಪನನ್ನು ಕೇಳಿದರೆ ಪದ್ಧತಿ ಎನ್ನುವರು. ಜೀವಮಾನವನ್ನೆಲ್ಲ ಹುಮನಾಬಾದಿನ ಜವಳಿ ಅಂಗಡಿಯ ಗಾದಿಯ ಮೇಲೆ ಕಳೆದ ನೀವು ಅದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲಿರಿ ಎಂಬ ನಂಬಿಕೆಯಿಂದ ನಿಮ್ಮ ಬಳಿಗೆ ಬಂದೆ.

ಕಾಕಾ: ಕೇಳಿದ್ದು ಒಳ್ಳೆಯದಾಯಿತು, ತಾಯಿ. ಪದ್ಧತಿಯೆಂಬುದು ಸುಳ್ಳಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸ್ತಾಕ್ಕೆ ಮದುಮಗಳು ಬಂದು ಕುಳಿತದ್ದನ್ನು ನಾನು ಕಂಡವನಲ್ಲ. ನಿಶ್ಚಯವಾದ ಮೇಲೆ ಹುಡುಗಿ ಊರ ಸೀಮೆಯನ್ನು ದಾಟಬಾರದೆಂದು ಹಿರಿಯರು ಎಣಿಸುತ್ತಿದ್ದರು. ಬೀಗರ ಎದುರಿಗೆ ಕುಳಿತು ಇದು ಬೇಕು, ಇದು ಬೇಡ ಎಂದು ಹೇಳುವುದನ್ನು ಹುಡುಗಿಯೂ ಅವಿನಯವೆಂದೇ ಭಾವಿಸುತ್ತಿದ್ದಳು. ನಿನ್ನ ಅವ್ವ ತನ್ನ ಮದುವೆಯ ಸೀರೆಯನ್ನು ಮೊದಲು ಕಂಡದ್ದು ಅದನ್ನು ಉಡುವ ಹೊತ್ತಿನಲ್ಲಿಯೇ. ಆದರೆ ಆ ಕಾಲದಲ್ಲಿ ಆರಿಸಿದವರು ಹುಡುಗಿಯನ್ನು ಮರೆತು ಆರಿಸುತ್ತಿದ್ದರೆಂದು ತಿಳಿಯಬೇಡ. ಬಂದ ಹೆಂಗಸರಲ್ಲಿ ಒಬ್ಬಳಾದರೂ ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ನಮ್ಮ ಹುಡುಗಿಯ ಬಣ್ಣಕ್ಕೆ ಇದು ಒಪ್ಪುವುದೇ, ಅವಳ ಎತ್ತರಕ್ಕೆ ಈ ದಡಿ ಹೆಚ್ಚಾಗದೇ ಎಂದು ಕೇಳದೆ ಎದ್ದದ್ದಿಲ್ಲ. ಅಲ್ಲಿ ಇಲ್ಲದವಳು ಅಲ್ಲಿದ್ದವರೆಲ್ಲರ ಮನಸ್ಸಿನಲ್ಲಿ ಇರುತ್ತಿದ್ದಳು.

ಮಗಳು: ಮನಸ್ಸಿನಲ್ಲಿರುವುದಕ್ಕೂ ಎದುರಿಗಿರುವುದಕ್ಕೂ ಭೇದವಿಲ್ಲವೇ? ಅವರ ಅಕ್ಕರೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ನನ್ನ ಪರವಾಗಿ ಹತ್ತು ಮಂದಿ ಯೋಚಿಸುವಲ್ಲಿ ನಾನೂ ಒಬ್ಬಳಾಗಿ ಕುಳಿತರೆ ಆ ಅಕ್ಕರೆ ಕುಂದುವುದೆಂದು ಏಕೆ ಭಯಪಡಬೇಕು? ಅದಿರಲಿ, ಅಂಗಡಿಯೊಳಗೆ ನಡೆಯುವುದೇನೆಂಬುದನ್ನು ಮೊದಲು ಹೇಳಿರಿ. ಬಸ್ತಾ ಮುಗಿಸಿ ಬಂದವರ ಗಂಟುಗಳನ್ನು ಕಂಡಿರುವೆನೇ ಹೊರತು ಬಸ್ತಾವನ್ನು ಕಂಡವಳಲ್ಲ.

ಕಾಕಾ: ಬಿಳಿಯ ಹಾಸು ಹಾಸಿದ ಗಾದಿ, ಗೋಡೆಯುದ್ದಕ್ಕೂ ಲೋಡುಗಳು, ಎರಡು ಕಡೆಯವರೂ ಎದುರುಬದುರಾಗಿ ಕುಳಿತುಕೊಳ್ಳುವರು. ಚಹಾ ಬರುವುದು. ಒಡನೆಯೇ ಸೀರೆ ಬಿಚ್ಚುವವನು ಅಂಗಡಿಯ ಕೆಲಸವನ್ನರಿಯದವನು. ಮೊದಲು ದೇವರ ಹೆಸರಿನ ಬಟ್ಟೆಯನ್ನು ತೆಗೆಯಬೇಕು. ನಮ್ಮ ಮನೆಯವರಾದರೆ ಹುಮನಾಬಾದಿನ ವೀರಭದ್ರೇಶ್ವರನಿಗೆ ಒಂದು ಮಡಿಧೋತರ, ಭದ್ರಕಾಳಿಗೆ ಒಂದು ಹಸಿರು ಸೀರೆ. ಅದಕ್ಕೆ ಅರಿಶಿನ ಕುಂಕುಮವನ್ನು ಹಚ್ಚಿ ಬದಿಗಿಟ್ಟ ಬಳಿಕ, ತೀರಿಹೋದ ಹಿರಿಯರ ಹೆಸರಿನಲ್ಲಿ ಒಂದು ಜೊತೆ. ಆಮೇಲೆಯೇ ಮದುಮಗಳ ಸೀರೆಗಳು: ಅರಿಶಿನಕ್ಕೆ ಉಡಿಸುವುದು, ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಉಡುವುದು, ಗಂಡನ ಮನೆಯನ್ನು ಹೊಗುವಾಗ ಉಡುವುದು. ಅಕ್ಕಿಕಾಳಿನ ಸೀರೆಗೆ ಒಂದು ಗಂಟೆ ಹಿಡಿದರೂ ಯಾರೂ ಬೇಸರಪಡುವುದಿಲ್ಲ. ಅದು ಒಪ್ಪಿಗೆಯಾಯಿತೆಂದರೆ ಎರಡು ಕಡೆಯ ಹೆಂಗಸರ ನಡುವಿನ ಬಿಗಿತ ಸಡಿಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದುವರೆಗೆ ಒಬ್ಬರನ್ನೊಬ್ಬರು ಅಳೆಯುತ್ತಿದ್ದವರು ಒಂದೇ ಸೆರಗನ್ನು ಎರಡು ತುದಿಗಳಿಂದ ಹಿಡಿದು ಬೆಳಕಿಗೆ ತರುವರು. ಮದುಮಗನ ಬಟ್ಟೆ ಬೇಗನೆ ಮುಗಿದುಹೋಗುವುದು. ಈಚೆಗೆ ಅವನು ತನ್ನ ಸೂಟನ್ನು ಕಲಬುರ್ಗಿಯಲ್ಲಿಯೋ ಹೈದರಾಬಾದಿನಲ್ಲಿಯೋ ಮೊದಲೇ ಹೊಲಿಸಿರುತ್ತಾನೆ. ಕಡೆಗೆ ಉಳಿಯುವುದು ಬಂಧುಬಳಗಕ್ಕೆ ಉಡುಗೊರೆಯಾಗಿ ಕೊಡುವ ಆಯೇರಿಯ ಬಟ್ಟೆ.

ಮಗಳು: ನೀವೇ ಅದನ್ನು ಎತ್ತಿದಿರಿ. ಅಪ್ಪನ ಪಟ್ಟಿಯಲ್ಲಿ ಆಯೇರಿಯ ಭಾಗವನ್ನು ಓದಿದಾಗ ನನಗೆ ದಿಗಿಲಾಯಿತು. ಇಷ್ಟು ಟಾವೆಲು, ಇಷ್ಟು ಟೊಪ್ಪಿಗೆ, ಇಷ್ಟು ಧೋತರ, ಇಷ್ಟು ಸೀರೆ, ಇಷ್ಟು ಜಂಪರಿನ ತುಂಡು! ಅವುಗಳನ್ನು ಪಡೆದವರು ಉಡುವರೇ? ನಮ್ಮ ಮನೆಯ ಟ್ರಂಕಿನಲ್ಲಿಯೇ ಬೇರೆ ಬೇರೆ ಮದುವೆಗಳಿಂದ ಬಂದ ಇಂಥ ಸೀರೆಗಳು ಮಡಿಕೆ ಬಿಚ್ಚದೆ ಬಿದ್ದಿವೆ. ಅವ್ವ ಅವನ್ನು ಮತ್ತೊಂದು ಮದುವೆಗೆ ಕೊಡುವಳು, ಅಲ್ಲಿಂದ ಇನ್ನೊಂದಕ್ಕೆ ಹೋಗುವುವು. ಉಡುವವಳೇ ಇಲ್ಲದ ಸೀರೆಗಳಿಗಾಗಿ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆಯುವುದನ್ನು ಕಂಡು ನಾನು ಸುಮ್ಮನಿರಬಲ್ಲೆನೇ? ತೊಗರಿಯ ಬೆಲೆ ಬಿದ್ದ ವರ್ಷ ನಮ್ಮ ಮನೆಯ ಪಾಡು ಏನಾಗಿತ್ತೆಂಬುದನ್ನು ನೀವೂ ಬಲ್ಲಿರಿ.

ಕಾಕಾ: ಬಲ್ಲೆ, ಮಗಳೇ, ಆ ದುಃಖವನ್ನು ನಾನು ಚಿಕ್ಕದು ಮಾಡಲಾರೆ. ಆದರೂ ಆಯೇರಿಯನ್ನು ಬರಿಯ ಬಟ್ಟೆಯೆಂದು ನೋಡುವುದು ಅದರ ಅರ್ಧವನ್ನು ಮಾತ್ರ ನೋಡಿದಂತೆ. ನಿನ್ನ ಮುತ್ಯಾ ತೀರಿಕೊಂಡಾಗ ಮಳೆಗಾಲ. ರಸ್ತೆಯಲ್ಲಿ ನೀರು ನಿಂತು ಬಸ್ಸುಗಳು ನಿಂತುಹೋಗಿದ್ದುವು. ರಾಜೇಶ್ವರದ ಕಡೆಯಿಂದ ನಮ್ಮ ದೂರದ ಸಂಬಂಧಿಯೊಬ್ಬ ಕೆಸರಿನಲ್ಲಿ ನಡೆದುಬಂದು ಹೆಗಲು ಕೊಟ್ಟ. ಅವನಿಗೆ ನಾವೇನು ಕೊಟ್ಟೇವು? ಹಣ ಕೊಟ್ಟರೆ ಅಪಮಾನ. ಏನೂ ಕೊಡದಿದ್ದರೆ ಮರೆತಂತೆ. ನಾಲ್ಕು ಜನರೆದುರಿಗೆ ಅವನ ಹೆಸರನ್ನು ಕೂಗಿ, ಹೆಗಲ ಮೇಲೊಂದು ಟಾವೆಲು ಹೊದಿಸಿ, ತಲೆಗೊಂದು ಟೊಪ್ಪಿಗೆಯಿಟ್ಟಾಗ ಆ ಕೆಸರಿನ ದಾರಿಯ ನೆನಪನ್ನು ನಾವು ಇಟ್ಟುಕೊಂಡಿದ್ದೇವೆಂದು ಸಭೆಗೆ ತಿಳಿಯುತ್ತದೆ. ಆಯೇರಿ ಹುಟ್ಟಿದ್ದು ಹೀಗೆ.

ಮಗಳು: ಆ ಮನುಷ್ಯನಿಗೆ ಹೊದಿಸುವ ಟಾವೆಲಿಗೆ ನನ್ನ ಆಕ್ಷೇಪವಿಲ್ಲ, ಅದನ್ನು ನಾನೇ ಆರಿಸಿ ತರುತ್ತೇನೆ, ಅದು ಒಳ್ಳೆಯ ನೂಲಿನದಾಗಿರಲಿ. ಆದರೆ ಪಟ್ಟಿಯಲ್ಲಿರುವವರಲ್ಲಿ ಅಂಥವರು ಎಷ್ಟು ಮಂದಿ? ಉಳಿದವರಿಗೆ ಕೊಡದಿದ್ದರೆ ಜನ ಏನೆನ್ನುವರೋ ಎಂಬ ಅಂಜಿಕೆಯಿಂದ ಕೊಡುತ್ತೇವೆ. ಅಂಜಿಕೆಯಿಂದ ಕೊಡುವುದಾದುದರಿಂದಲೇ ಅಗ್ಗದ್ದನ್ನು ಹುಡುಕುತ್ತೇವೆ. ಅಗ್ಗದ್ದಾದುದರಿಂದ ಪಡೆದವರು ಉಡುವುದಿಲ್ಲ. ಕೃತಜ್ಞತೆಗೆ ಕೊಡತಕ್ಕದ್ದು ಒಂದಾದರೆ ಲೋಕಾಪವಾದಕ್ಕೆ ತೆರತಕ್ಕದ್ದು ಹತ್ತು.

ಕಾಕಾ: ಇದಕ್ಕೆ ಎದುರು ಹೇಳಲು ನನ್ನಲ್ಲಿ ಮಾತಿಲ್ಲ. ಅಂಗಡಿಗಳಲ್ಲಿ ಆಯೇರಿಯ ಸೀರೆಗಳೆಂದೇ ಬೇರೆಯ ಕಪಾಟುಗಳುಂಟು. ಆ ಸೀರೆಗಳನ್ನು ಬಿಚ್ಚಿ ತೋರಿಸೆಂದು ನನ್ನನ್ನು ಕೇಳಿದವರು ವಿರಳ. ಕಟ್ಟು ಕಟ್ಟಾಗಿ ಎಣಿಸಿಕೊಂಡು ಹೋಗುವರು. ಕೈಯಿಂದ ಮುಟ್ಟದೆ ಬಟ್ಟೆಯನ್ನು ಕೊಳ್ಳುವವರನ್ನು ಕಂಡರೆ ನನ್ನ ಜೀವ ನೋಯುತ್ತಿತ್ತು. ಏಕೆಂದರೆ ಎಲ್ಲಿಯೋ ಒಬ್ಬನು ಅದನ್ನು ನೇಯ್ದಿರುತ್ತಾನೆ, ಅದು ವಿದ್ಯುತ್ ಮಗ್ಗದ್ದಾದರೂ ಸರಿ. ಪಟ್ಟಿಯ ಆ ಭಾಗವನ್ನು ಈ ರಾತ್ರಿಯೇ ನಾನೂ ನಿನ್ನ ಅಪ್ಪನೂ ಕುಳಿತು ತಿದ್ದುತ್ತೇವೆ. ದುಃಖದಲ್ಲಿ ಬಂದವರು, ಹೆರಿಗೆಯಲ್ಲಿ ನಿಂತವರು, ಹೊಲದ ಕೆಲಸಕ್ಕೆ ಎತ್ತು ಕೊಟ್ಟವರು, ಇವರಿಗೆ ಉಡುವಂಥ ಬಟ್ಟೆ. ಮಿಕ್ಕವರಿಗೆ ಊಟ, ಎಲೆಯಡಿಕೆ, ಕೈಮುಗಿದು ಬೀಳ್ಕೊಡುವುದು.

ಮಗಳು: ಅಪ್ಪ ಒಪ್ಪುವರೇ?

ಕಾಕಾ: ಅಣ್ಣನನ್ನು ನನಗೆ ಬಿಡು. ಎರಡನೆಯ ಮಾತು: ಬಸ್ತಾವನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯಬೇಕೆಂದು ನಿನ್ನ ಅಕ್ಕ ಹಟ ಹಿಡಿದಿದ್ದಳೆಂದು ಕೇಳಿದೆ. ನಿನ್ನ ಅಭಿಪ್ರಾಯವೇನು?

ಮಗಳು: ದೂರದ ಪೇಟೆಯಲ್ಲಿ ತಂದದ್ದೆಂದರೆ ಬೆಲೆ ಹೆಚ್ಚೆಂದು ಜನ ನಂಬುವುದರಿಂದ ಅವಳು ಹಾಗೆಂದಳು. ಹೈದರಾಬಾದಿನ ಪತ್ಥರಗಟ್ಟಿಯ ಅಂಗಡಿಗಳ ದೀಪಗಳನ್ನು ಅವಳು ವರ್ಣಿಸುವುದನ್ನು ಕೇಳಿದರೆ ನನಗೂ ಆಸೆಯಾಗದಿರುವುದಿಲ್ಲ. ಆದರೆ ಬಾಡಿಗೆಯ ಗಾಡಿ, ಅಷ್ಟು ಮಂದಿಯ ಊಟ ವಸತಿ, ಇವೆಲ್ಲವೂ ಸೀರೆಯ ಬೆಲೆಗೇ ಸೇರುತ್ತವೆಯಲ್ಲ.

ಕಾಕಾ: ಸೊಲ್ಲಾಪುರದ ಆಸೆ ಇಂದಿನದಲ್ಲ. ನಮ್ಮ ಈ ಕಲ್ಯಾಣ ನಿಜಾಮರ ಸೀಮೆಯಲ್ಲಿ ಕಲ್ಯಾಣಿಯೆಂಬ ಜಾಗೀರಾಗಿದ್ದಾಗಲೂ ಉಳ್ಳವರು ಸೊಲ್ಲಾಪುರಕ್ಕೇ ಹೋಗುತ್ತಿದ್ದರು. ಅದು ಬ್ರಿಟಿಷರ ಮುಂಬಯಿ ಇಲಾಖೆ. ಇಲ್ಲಿಯ ನಾಣ್ಯವಾದ ಹಾಲಿ ಸಿಕ್ಕಾ ಅಲ್ಲಿ ನಡೆಯುತ್ತಿರಲಿಲ್ಲ. ಏಳು ಹಾಲಿ ರೂಪಾಯಿ ಕೊಟ್ಟರೆ ಸುಮಾರು ಆರು ಕಂಪನಿ ರೂಪಾಯಿ ಕೈಗೆ ಬರುತ್ತಿತ್ತು. ಉಮರ್ಗಾ, ನಳದುರ್ಗಗಳನ್ನು ದಾಟಿ ಸೀಮೆ ಮುಗಿಯುವಲ್ಲಿ ಕರೋಡಗಿರಿಯ ನಾಕೆ. ಹಿಂದಿರುಗುವಾಗ ಬಸ್ತಾದ ಗಂಟನ್ನು ಅಲ್ಲಿ ಬಿಚ್ಚಿ ತೋರಿಸಿ ಸುಂಕ ತೆರಬೇಕು. ಮದುಮಗಳು ಕಾಣುವುದಕ್ಕೆ ಮೊದಲೇ ಅವಳ ಸೀರೆಯನ್ನು ನಾಕೆಯ ಜವಾನನು ಮುಟ್ಟಿ ನೋಡುತ್ತಿದ್ದನೆಂದು ನಿನ್ನ ಮುತ್ಯಾ ನೊಂದು ಹೇಳುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರಿನಲ್ಲಿ ಬೀದರ ಜಿಲ್ಲೆ ಕನ್ನಡ ನಾಡಿಗೆ ಬಂದಿತು. ನಾಕೆಯೂ ಹೋಯಿತು, ಹಾಲಿ ಸಿಕ್ಕಾವೂ ಹೋಯಿತು. ಹುಮನಾಬಾದಿನ ಪೇಟೆಗೆ ಬಲ ಬಂದದ್ದು ಅದು ಕೂಡುದಾರಿಯಲ್ಲಿರುವುದರಿಂದ: ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ, ಬೀದರದಿಂದ ಕಲಬುರ್ಗಿಗೆ ಹೋಗುವ ರಸ್ತೆಯೂ ಅಲ್ಲಿ ಸಂಧಿಸುತ್ತವೆ. ಆ ಕಡೆಯ ಚಾದರ, ಧೋತರಗಳೂ ಈ ಕಡೆಯ ಗದ್ವಾಲ, ಪೋಚಂಪಲ್ಲಿ, ನಾರಾಯಣಪೇಟೆಗಳೂ ಅಲ್ಲಿ ಇಳಿಯುತ್ತವೆ. ಪೇಟೆ ಚಿಕ್ಕದೆಂದು ಮಾಲು ಕೀಳೆನ್ನಲಾಗದು. ಆರಿಸುವ ಕಣ್ಣು ಬೇಕು.

ಮಗಳು: ಆ ಕಣ್ಣನ್ನು ನನಗೂ ಕೊಡಿರಿ. ಒಳ್ಳೆಯ ರೇಷ್ಮೆಯೆಂದು ಹೇಗೆ ತಿಳಿಯಬೇಕು?

ಕಾಕಾ: ಮೊದಲು ಸೀರೆಯನ್ನು ತಿರುವಿ ನೋಡು. ಎದುರು ಮುಖವನ್ನು ಅಂಗಡಿಯವನು ತಾನಾಗಿ ತೋರಿಸುವನು. ಹಿಂಬದಿಯನ್ನು ನೀನೇ ಕೇಳಬೇಕು. ಬುಟ್ಟಾಗಳ ಹಿಂದೆ ಎಳೆಗಳು ಉದ್ದುದ್ದವಾಗಿ ತೂಗಾಡುತ್ತಿದ್ದರೆ ಕಾಲುಂಗುರಕ್ಕೂ ಬಳೆಗೂ ಸಿಕ್ಕಿ ಹರಿಯುತ್ತವೆ. ಅಂಚಿನಿಂದ ಒಂದೆರಡು ಎಳೆಗಳನ್ನು ಬಿಡಿಸಿ ಬೆಂಕಿಗೆ ಹಿಡಿ: ನಿಜವಾದ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುವುದು, ಬೂದಿ ಬೆರಳಿನಲ್ಲಿ ಹುಡಿಯಾಗುವುದು, ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಮಣಿಯಾಗುವುದು. ಜರಿಯ ಎಳೆಯನ್ನು ಉಗುರಿನಿಂದ ಕೆರೆದು ನೋಡು. ಉತ್ತಮ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟದ್ದು. ಕೆರೆದಾಗ ಒಳಗಿನ ಕೆಂಪು ಎಳೆ ಕಾಣುವುದುಂಟು. ಅದಕ್ಕಿಂತ ಕೆಳಗಿನದು ತಾಮ್ರದ ತಂತಿ. ಅದಕ್ಕೂ ಕೆಳಗಿನದು ಬರಿಯ ಮೆರುಗಿನ ಪ್ಲಾಸ್ಟಿಕ್ ಪಟ್ಟಿ. ಮೂರೂ ದೀಪದ ಬೆಳಕಿನಲ್ಲಿ ಒಂದೇ ಸಮನೆ ಹೊಳೆಯುವುವು. ಆದುದರಿಂದ ಸೀರೆಯನ್ನು ಬಾಗಿಲಿಗೆ ತಂದು ಹಗಲಿನಲ್ಲಿ ನೋಡತಕ್ಕದ್ದು. ಬಾಗಿಲಿಗೆ ತರಲು ಒಪ್ಪದ ಅಂಗಡಿಯಿಂದ ಎದ್ದುಬರತಕ್ಕದ್ದು. 2004ರಿಂದ ಸಿಲ್ಕ್ ಮಾರ್ಕ್ ಎಂಬ ಚೀಟಿಯನ್ನು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ಕೊಡುತ್ತಿದ್ದಾರೆ, ಅದನ್ನೂ ಕೇಳು. ಚೀಟಿಯಿದ್ದರೂ ಕೈಯಿಂದ ಮುಟ್ಟುವುದನ್ನು ಬಿಡಬೇಡ.

ಮಗಳು: ನನ್ನ ಮನಸ್ಸಿನಲ್ಲಿ ಒಂದು ಸೀರೆಯಿದೆ, ಕಾಕಾ. ಹೇಳಿದರೆ ಮನೆಯವರೆಲ್ಲ ಬೇಡವೆನ್ನುವರೆಂದು ಇದುವರೆಗೆ ಬಾಯಿ ಬಿಟ್ಟಿಲ್ಲ. ಆಯಿಯ ಪೆಟ್ಟಿಗೆಯಲ್ಲಿ ಅವಳ ತವರಿನ ಕಡೆಯಿಂದ ಬಂದ ಕರಿಯ ರೇಷ್ಮೆಯ ಇಳಕಲ್ಲು ಸೀರೆಯೊಂದಿದೆ. ಮೈಯ ತುಂಬ ಕಸೂತಿ: ತೇರು, ಗೋಪುರ, ಆನೆ, ತುಳಸಿಕಟ್ಟೆ. ಹಿಂದುಮುಂದು ಒಂದೇ ಬಗೆ, ಎಲ್ಲಿಯೂ ಗಂಟು ಕಾಣದು. ಅಂಥದನ್ನು ಅಕ್ಕಿಕಾಳಿಗೆ ಉಡಬೇಕೆಂದು ನನ್ನ ಆಸೆ.

ಕಾಕಾ: ಚಂದ್ರಕಾಳಿ! ಅದನ್ನು ಕಣ್ಣಿಂದ ಕಂಡು ಎಷ್ಟು ಕಾಲವಾಯಿತು. ಕಪ್ಪು ಅಶುಭವೆಂದು ನಿನ್ನ ಸೋದರತ್ತೆಯರು ಹೇಳುವುದು ನಿಶ್ಚಯ. ಆದರೆ ಧಾರವಾಡ, ವಿಜಯಪುರದ ಕಡೆಯಲ್ಲಿ ಮದುಮಗಳಿಗೆ ಕೊಡತಕ್ಕ ಸೀರೆಗಳಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿಯೇ ಮುಖ್ಯವಾದುದಾಗಿತ್ತು. ಅಶುಭವೆಂಬ ಭಯ ಹಳೆಯದೆಂದು ನಾವು ತಿಳಿದಿದ್ದೇವೆ. ಆ ಸೀರೆಯೂ ಹಳೆಯದೇ. ಇಳಕಲ್ಲಿನ ನೇಯ್ಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ: ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಮಗ್ಗದ ಮೇಲೆಯೇ ಒಂದೊಂದು ಎಳೆಗೂ ಕೊಂಡಿ ಹಾಕಿ ಕೂಡಿಸುವರು. ಕೆಂಪು ಸೆರಗಿನಲ್ಲಿ ಬಿಳಿಯ ಜೋಳದ ತೆನೆಗಳು. ಆ ಕೊಂಡಿಯ ಸಾಲನ್ನು ಬೆರಳಿನಿಂದ ಸವರಿದರೆ ಕೂಡಿಸಿದ ಗುರುತು ಸಿಕ್ಕಬೇಕು. ಸಿಕ್ಕದಿದ್ದರೆ ಅದು ಇಳಕಲ್ಲಿನದೆಂದು ಮಾರುವ ಬೇರೆಯ ಸೀರೆ. ಆದರೆ ಕಸೂತಿಯ ಚಂದ್ರಕಾಳಿ ನಾಳೆ ಹುಮನಾಬಾದಿನ ಕಪಾಟಿನಲ್ಲಿ ಸಿದ್ಧವಾಗಿ ಸಿಕ್ಕುವುದು ಕಷ್ಟ. ಕಸೂತಿ ಹಾಕಿಸಬೇಕಾದರೆ ಕೈಯ ಕೆಲಸ, ತಿಂಗಳುಗಳು ಬೇಕು. ಮದುವೆ ವೈಶಾಖದಲ್ಲಿದೆ.

ಮಗಳು: ಕಸೂತಿ ಇಲ್ಲದಿದ್ದರೂ ಚಿಂತೆಯಿಲ್ಲ, ಇಳಕಲ್ಲಾಗಿರಲಿ. ವೈಶಾಖವೆಂದಿರಿ, ಅದನ್ನೂ ಯಾರೂ ಯೋಚಿಸುವುದಿಲ್ಲ. ಆ ಬಿಸಿಲಿನಲ್ಲಿ, ಹೋಮದ ಹೊಗೆಯ ಮುಂದೆ, ಪೆಟ್ಟಿಗೆಯಷ್ಟು ಭಾರದ ಜರಿಯ ಸೀರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವವಳು ನಾನು. ಅಕ್ಕ ತನ್ನ ಮದುವೆಯ ದಿನ ತಲೆಸುತ್ತು ಬಂದು ಕುಸಿದಳಲ್ಲ.

ಕಾಕಾ: ನಮ್ಮ ಊರಿನ ಅರಸನೊಬ್ಬನು ಇದನ್ನು ಯೋಚಿಸಿದ್ದನು. ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಂದಲೇ ಆಳಿದವನು. ಅವನ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗವೆಂದೇ ಒಂದು ಭಾಗವುಂಟು. ಚೋಳದೇಶ, ಸಿಂಹಳ, ಕಳಿಂಗ, ಅಣಹಿಲವಾಡ, ಮಹಾಚೀನಗಳ ಬಟ್ಟೆಗಳ ಹೆಸರು ಅಲ್ಲಿವೆ. ಯಾವ ಋತುವಿಗೆ ಎಂಥ ಬಟ್ಟೆ ತಕ್ಕುದೆಂಬುದನ್ನೂ ಅವನು ಹೇಳಿದ್ದಾನೆ. ಅಷ್ಟು ದೇಶಗಳ ಬಟ್ಟೆ ಬಂದು ಇಳಿಯುತ್ತಿದ್ದ ಊರಿನಲ್ಲಿ ಅರಸನಾದವನು ಉಡುವವನ ಮೈಯನ್ನು ಕುರಿತು ಯೋಚಿಸಿದನೆಂದರೆ, ನಾವು ಒಬ್ಬ ಹುಡುಗಿಯ ಮೈಯನ್ನು ಕುರಿತು ಯೋಚಿಸಲಾರೆವೇ?

ಮಗಳು: ಶಾಲೆಯಲ್ಲಿ ಮಕ್ಕಳಿಗೆ ಕಲ್ಯಾಣದ ಚರಿತ್ರೆಯನ್ನು ಹೇಳುವಾಗ ನನಗೆ ನೆನಪಾಗುವುದು ಇನ್ನೊಂದು ಗ್ರಂಥ. ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದದ್ದು ಈ ನೆಲದಲ್ಲಿಯೇ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂಗಳ ಆಸ್ತಿಯ ಹಂಚಿಕೆಗೆ ಶತಮಾನಗಳ ಕಾಲ ಅದೇ ಆಧಾರವಾಗಿತ್ತು. ತಾಯಿತಂದೆಗಳು, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ದೊರೆತದ್ದು ಹೆಣ್ಣಿನ ಸ್ತ್ರೀಧನವೆಂದು ಮೂಲಸ್ಮೃತಿ ಹೇಳಿತು. ವಿಜ್ಞಾನೇಶ್ವರನು ಅದರ ಎಲ್ಲೆಯನ್ನು ಇನ್ನೂ ಹಿಗ್ಗಿಸಿದನು. ಬರಗಾಲ, ಧರ್ಮಕಾರ್ಯ, ರೋಗ, ಸೆರೆ, ಇಂಥ ಸಂಕಟಗಳಲ್ಲಿ ಗಂಡನು ಅದನ್ನು ತೆಗೆದುಕೊಂಡರೆ ಹಿಂದಿರುಗಿಸಬೇಕಾಗಿಲ್ಲವೆಂದು ಸ್ಮೃತಿ ಹೇಳುವಲ್ಲಿಯೇ, ಬೇರೆಯ ಸಮಯದಲ್ಲಿ ತೆಗೆದುಕೊಂಡರೆ ಹಿಂದಿರುಗಿಸಲೇಬೇಕೆಂಬ ಅರ್ಥವಿದೆ. ಆ ಲೆಕ್ಕದಿಂದ ಮದುವೆಯ ಸೀರೆ ನನ್ನ ಧನ. ನನ್ನ ಧನವಾಗತಕ್ಕ ವಸ್ತುವನ್ನು ಆರಿಸುವಲ್ಲಿ ನನಗೆ ಸ್ಥಾನವಿಲ್ಲವೆಂದರೆ, ಆ ಗ್ರಂಥ ಹುಟ್ಟಿದ ಊರಿನಲ್ಲಿ ಅದನ್ನು ಮರೆತಂತಾಗಲಿಲ್ಲವೇ?

ಕಾಕಾ: ಈ ಮಾತನ್ನು ನಾಳೆ ಬೀಗರೆದುರಿಗೆ ಹೇಳಬೇಡ, ವಾದವೆಂದು ತಿಳಿದಾರು. ನನ್ನೆದುರಿಗೆ ಹೇಳಿದ್ದು ಸಾಕು, ನಾನು ಒಪ್ಪಿದೆ. ನೀನು ಗ್ರಂಥದಿಂದ ಹೇಳಿದ್ದನ್ನು ನಾನು ಗಾದಿಯಿಂದ ಹೇಳುತ್ತೇನೆ. ತಾಂಡಾಗಳಿಂದ ಲಂಬಾಣಿ ಹೆಂಗಸರು ನಮ್ಮ ಅಂಗಡಿಗೆ ಬರುತ್ತಿದ್ದರು. ಮದುವೆಯ ಬಟ್ಟೆಗಾಗಿ ಅಲ್ಲ, ದಪ್ಪನೆಯ ಕೆಂಪು ನೀಲಿ ಕಾಪಡಕ್ಕಾಗಿ, ದಾರಕ್ಕಾಗಿ. ಮಗಳು ಚಿಕ್ಕವಳಿರುವಾಗಿನಿಂದಲೇ ತಾಯಿ ಮಗಳು ಕೂಡಿ ಕಾಂಚಳಿಯೆಂಬ ಕುಪ್ಪಸಕ್ಕೂ ಫೇಟಿಯಾ ಎಂಬ ಲಂಗಕ್ಕೂ ಕನ್ನಡಿ, ಕವಡೆಗಳನ್ನು ಹೊಲಿಯುತ್ತ ಹೋಗುತ್ತಿದ್ದರು. ಮದುವೆಯ ದಿನ ಆ ಹುಡುಗಿ ತೊಡುವ ಬಟ್ಟೆಯಲ್ಲಿ ಅವಳ ಕೈಯ ಹೊಲಿಗೆ ಇರುತ್ತಿತ್ತು. ಮುಸಲ್ಮಾನರ ಮನೆಯವರು ಮದುವೆಯ ಖಡಾ ದುಪಟ್ಟಾದ ಬಟ್ಟೆಗೆ ಬಂದಾಗ ಹುಡುಗಿ ಬುರ್ಖಾದಲ್ಲಿ ತಾಯಿಯ ಬದಿಗೆ ಕುಳಿತು, ತನಗೆ ಬೇಕಾದ ಬಣ್ಣವನ್ನು ತಾಯಿಯ ಕಿವಿಯಲ್ಲಿ ಹೇಳುತ್ತಿದ್ದಳು. ತಾಯಿ ನನಗೆ ಹೇಳುತ್ತಿದ್ದಳು. ಅವಳು ಬೇಡವೆಂದ ಬಟ್ಟೆಯನ್ನು ಮತ್ತೆ ಬಿಚ್ಚಿದವರನ್ನು ನಾನು ಕಾಣೆ. ಮನೆಯಲ್ಲಿ ಕುಳಿತು ಕಾಯುತ್ತಿದ್ದವರು ನಮ್ಮ ಹುಡುಗಿಯರು. ಇದನ್ನು ನೋಡುತ್ತ ನೋಡುತ್ತ, ಅವರೂ ಬಂದು ಕುಳಿತು ಆರಿಸಬೇಕೆಂದು ನನಗೆ ಅನಿಸಿದ್ದುಂಟು. ಅಂಗಡಿಯ ನೌಕರನಾಗಿ ಗಿರಾಕಿಗಳಿಗೆ ಹೇಳುವ ಮಾತಲ್ಲವೆಂದು ಹೇಳುತ್ತಿರಲಿಲ್ಲ.

ಮಗಳು: ಶರಣರ ಕಾಲದಲ್ಲಿ ಬಟ್ಟೆಯ ಕೆಲಸ ಮಾಡುವವರ ಮಾತನ್ನು ಸಭೆಯಲ್ಲಿ ಕೂರಿಸಿಕೊಂಡು ಕೇಳಿದ ಊರಲ್ಲವೇ ಇದು? ನೂಲುವ ಕದಿರ ರೆಮ್ಮವ್ವೆ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಒಗೆಯುವ ಮಡಿವಾಳ ಮಾಚಿದೇವ, ನೇಕಾರರ ಮನೆಯ ಅಮುಗೆ ರಾಯಮ್ಮ, ಇವರೆಲ್ಲ ವಚನ ಬರೆದವರು. ನೂಲಿನಿಂದ ಮಡಿಯವರೆಗೆ ಒಂದು ಬಟ್ಟೆಯ ಆಯುಸ್ಸೆಲ್ಲ ಶರಣರ ಕೈಗಳಲ್ಲಿ ಸಾಗಿತು.

ಕಾಕಾ: ಆ ಶರಣರಲ್ಲಿಯೇ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಇಲ್ಲಿಯೇ ಮದುವೆಯಾಯಿತು, ಸಮಗಾರನ ಮನೆಗೂ ಬ್ರಾಹ್ಮಣ ಮಂತ್ರಿಯ ಮನೆಗೂ ಸಂಬಂಧ. ಆ ಮದುವೆಗಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರು, ಕಲ್ಯಾಣವೇ ಚೆದುರಿಹೋಯಿತು. ಹರಳಯ್ಯನ ಗವಿಯ ಮುಂದೆ ಹೋಗುವಾಗಲೆಲ್ಲ ನಾನು ಚಪ್ಪಲಿ ಕಳಚಿ ನಿಲ್ಲುತ್ತೇನೆ. ಆ ಮನೆಗಳವರು ಬೀಗರಿಗೆ ಎಷ್ಟು ಧೋತರ ಕೊಡಬೇಕೆಂದು ಪಟ್ಟಿ ಹಾಕಿ ನಿದ್ದೆಗೆಟ್ಟಿರಲಾರರು. ಅದನ್ನು ನೆನೆದರೆ ನಿನ್ನ ಅಪ್ಪನ ಸಾಲದ ಮಾತು ನನ್ನನ್ನು ಇನ್ನೂ ಹೆಚ್ಚಾಗಿ ಬಾಧಿಸುತ್ತದೆ. ಸೊಸೈಟಿಯ ಕಾಗದಕ್ಕೆ ಅವನು ರುಜು ಹಾಕಿಲ್ಲವಷ್ಟೆ?

ಮಗಳು: ಇನ್ನೂ ಇಲ್ಲ, ಸೋಮವಾರ ಹೋಗುವರಂತೆ.

ಕಾಕಾ: ಹಾಗಾದರೆ ಆಯೇರಿಯನ್ನು ತಿದ್ದಿದ ಮೇಲೆ ಆ ಕಾಗದ ಬೇಕಾಗುವುದಿಲ್ಲ, ಲೆಕ್ಕವನ್ನು ನಾನು ಹಾಕಿ ತೋರಿಸುತ್ತೇನೆ. ಇನ್ನು ನಾಳೆಯ ಮಾತು. ನೀನು ನನ್ನ ಜೊತೆಗೆ ಬರುವೆ. ಬೀಗರ ಮನೆಯ ಅತ್ತೆಗೆ ನಾನೇ ಈಗ ಫೋನು ಮಾಡಿ, ನಮ್ಮ ಹುಡುಗಿ ನಿಮ್ಮ ಬದಿಗೆ ಕುಳಿತು ನೋಡಬೇಕೆಂದು ಆಸೆಪಟ್ಟಿದ್ದಾಳೆಂದು ಹೇಳುತ್ತೇನೆ. ಕೇಳಿ ಬಂದದ್ದೆಂದರೆ ಅವರಿಗೂ ಗೌರವ. ಅವರು ಒಂದು ಸೀರೆಯನ್ನು ಮೆಚ್ಚಿ ತೆಗೆದರೆ ಅದನ್ನು ಮನೆ ಹೊಗುವ ದಿನಕ್ಕೆ ಸಂತೋಷದಿಂದ ಒಪ್ಪಿಕೋ. ಅಕ್ಕಿಕಾಳಿನ ಇಳಕಲ್ಲನ್ನು ನೀನು ಆರಿಸು. ಕಪ್ಪು ಬೇಡವೆಂದು ನಿನ್ನ ಸೋದರತ್ತೆಯರು ಕಣ್ಣೀರಿಟ್ಟರೆ ಏನು ಮಾಡುವೆ?

ಮಗಳು: ಆಯಿಯ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬರುತ್ತೇನೆ. ಅದನ್ನು ಅವರ ಮಡಿಲಿಗೆ ಹಾಕುತ್ತೇನೆ. ಅವರ ತಾಯಿಯದೇ ಅಲ್ಲವೇ? ಅದನ್ನು ಮುಟ್ಟಿದ ಮೇಲೂ ಬೇಡವೆಂದರೆ ದಾಳಿಂಬದ ಬಣ್ಣದ್ದನ್ನು ತೆಗೆಯುತ್ತೇನೆ.

ಕಾಕಾ: ಹಾಗೆ ಮಾಡು. ಫಾಲು, ಪಿಕೊಗಳಿಗೆ ಅಲ್ಲಿಯೇ ಕೊಟ್ಟುಬಿಡಬೇಡ. ಅಂಚಿನ ಬಣ್ಣಕ್ಕೆ ಸರಿಹೊಂದುವ ಫಾಲು ನಮ್ಮ ಊರಿನಲ್ಲಿಯೇ ಸಿಕ್ಕುವುದು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ತೆಗೆದುಕೋ, ಇಳಕಲ್ಲಿಗೆ ಅದರಷ್ಟು ಒಪ್ಪುವುದು ಮತ್ತೊಂದಿಲ್ಲ. ಖಣವನ್ನು ಮೊದಲು ನೀರಿಗೆ ಹಾಕಿ ನೆರಳಿನಲ್ಲಿ ಒಣಗಿಸಿ, ಆಮೇಲೆ ದರ್ಜಿಗೆ ಅಳತೆ ಕೊಡು. ಲಗ್ನದ ಹಂಗಾಮಿನಲ್ಲಿ ದರ್ಜಿಗಳಿಗೆ ಬಿಡುವಿರುವುದಿಲ್ಲ. ಹಿಂದಿರುಗುವಾಗ ಮನೆಗೆ ಬರುವುದಕ್ಕೆ ಮೊದಲು ದರ್ಜಿಯ ಬಳಿಗೇ ಹೋಗಿ ದಿನ ಗೊತ್ತುಮಾಡಿಕೊಂಡು ಬರೋಣ.